ಎಡಿನ್‌ಬರೋ ಫ್ರಿಂಜ್: ನೋಡುವವರಿಗೆ ಐದು ಸ್ಟಾರ್, ಒಬ್ಬರೇ ಆಡುವವರಿಗೆ ಮೂರು

ಮೊದಲೇ ಹೇಳಿಬಿಡುತ್ತೇನೆ, ಇದು ನಾಟಕದ ವಿಮರ್ಶೆ ಅಲ್ಲ. ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಏನೇನು ನೋಡಿದೆವು ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಫ್ರಿಂಜ್ ಅನ್ನುವ ರಂಗ ಉತ್ಸವವನ್ನು ಒಂದು ಸರ್ವಿಸ್ ಅಂತ ಹಿಡಿದು ರಿವ್ಯೂ ಬರೆಯುತ್ತಿದ್ದೇನೆ. ಅದೂ ಪ್ರೇಕ್ಷಕರ ಕಡೆಯಿಂದ ಅಲ್ಲ, ಆಡುವವರ ಕಡೆಯಿಂದ. ಏಕವ್ಯಕ್ತಿ ನಾಟಕವನ್ನೋ ಕ್ಯಾಬರೆಯನ್ನೋ ನೆಚ್ಚಿಕೊಂಡು, ತಂಡ ಇಲ್ಲದೆ, ನಿರ್ಮಾಪಕರಿಲ್ಲದೆ ಹೊಟ್ಟೆ ಹೊರೆಯುವ ಕಲಾವಿದರು ದುಡ್ಡು ಕೊಟ್ಟು ಕೊಳ್ಳುವ ಸರ್ವಿಸ್ ಇದು. ಹೌದು, ಕೊಳ್ಳುವ. ಅಲ್ಲಿ ಯಾರೂ ಸಂಭಾವನೆ ಕೊಟ್ಟು ಕರೆಸುವುದಿಲ್ಲ. ಟಿಕೆಟ್ ಕೊಳ್ಳುವ ಪ್ರೇಕ್ಷಕರು ಒಂದು ಥರದ ಗಿರಾಕಿ, ಆಡಲು ಜಾಗ ಕೊಳ್ಳುವ ಕಲಾವಿದರು ಇನ್ನೊಂದು ಥರದ ಗಿರಾಕಿ. ತಲಾ ಲೆಕ್ಕ ಹಾಕಿದರೆ ಜಾಸ್ತಿ ದುಡ್ಡು ಬಿಚ್ಚುವವರು ಎರಡನೆಯವರೇ.

ನನಗೆ ಇದು ಗೊತ್ತಾಗಿದ್ದು ಗೆಳತಿಯೊಬ್ಬಳ ಶೋಗೆ ಲೈಟು, ಸೌಂಡ್ ನೋಡಿಕೊಳ್ಳಲು ಹೋದಾಗ. ಹಾಡು, ಹರಟೆ, ಸ್ವಲ್ಪ ಅಭಿನಯ, ಎಲ್ಲ ಸೇರಿ ಒಂದು ಗಂಟೆಗೆ ಸ್ವಲ್ಪ ಕಡಿಮೆ ಇರುವ ಶೋ. ವೇದಿಕೆ ಮೇಲೆ ಅವಳೊಬ್ಬಳೇ. ಹಿಂದೆ ಬಟನ್ ಒತ್ತುತ್ತಾ ಕೂತವರಿಗೆ ಮುಂದಿನವರಿಗೆ ಕಾಣದ್ದು ಒಂದಷ್ಟು ಕಾಣುತ್ತದೆ.

ಕ್ಯಾಬರೆ ಅಂದ ಕೂಡಲೇ ನಮ್ಮವರಿಗೆ ಹಳೆಯ ಸಿನಿಮಾಗಳ ಕ್ಲಬ್ ಡ್ಯಾನ್ಸ್ ನೆನಪಾಗುತ್ತದೆ ಅಲ್ವಾ? ಅದನ್ನು ಸ್ವಲ್ಪ ಬದಿಗಿಡಿ. 1881ರಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ್‌ನಲ್ಲಿ ರೊಡೋಲ್ಫ್ ಸಾಲಿ ಶುರು ಮಾಡಿದ ಲ ಶಾ ನ್ವಾರ್‌ನಲ್ಲಿ ಕವಿಗಳು, ಹಾಡುಗಾರರು, ಚಿತ್ರಕಾರರು ಸೇರಿ ಊರಿನ ದೊಡ್ಡವರನ್ನು ಗೇಲಿ ಮಾಡುತ್ತಿದ್ದರು. 1901ರ ಹೊತ್ತಿಗೆ ಆ ಗಾಳಿ ಬರ್ಲಿನ್‌ಗೂ ಬೀಸಿತು. ಇವತ್ತಿಗೂ ಅದರ ತಿರುಳು ಅದೇ. ಚಿಕ್ಕ ಕೋಣೆ, ಪ್ರೇಕ್ಷಕರ ಕಣ್ಣಲ್ಲಿ ಕಣ್ಣಿಟ್ಟು ಮಾತು, ನಡುವೆ ಹಾಡು, ಹಾಡಿನ ನಡುವೆ ಚುಚ್ಚುಮಾತು. ಪಾತ್ರದ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ. ಏಕವ್ಯಕ್ತಿ ನಾಟಕಕ್ಕೂ ಇದಕ್ಕೂ ಮಧ್ಯದ ಗೋಡೆ ಬಹಳ ತೆಳು. ಎರಡನ್ನೂ ಬೆರೆಸಿ ಮಾಡುವವರೇ ಜಾಸ್ತಿ. ಫ್ರಿಂಜ್‌ನ ಕಾರ್ಯಕ್ರಮ ಪುಸ್ತಕದಲ್ಲಿ ಕ್ಯಾಬರೆಗೆ ಅಂತ ಪ್ರತ್ಯೇಕ ವಿಭಾಗ ಬಂದದ್ದು 2011ರಲ್ಲಿ. ಅಲ್ಲಿಯವರೆಗೆ ಇವರೆಲ್ಲ ಕಾಮಿಡಿಯಲ್ಲೋ ಸಂಗೀತದಲ್ಲೋ ನಾಟಕದಲ್ಲೋ ಎಲ್ಲೋ ಒಂದು ಮೂಲೆಯಲ್ಲಿ ತೂರಿಕೊಳ್ಳಬೇಕಿತ್ತು. ಹಾಸ್ಯ ಅಂತ ಬಂದವರಿಗೆ ಹಾಡು ಜಾಸ್ತಿ ಆಯಿತು, ಸಂಗೀತ ಅಂತ ಬಂದವರಿಗೆ ಮಾತು ಜಾಸ್ತಿ ಆಯಿತು. ಪುಸ್ತಕದಲ್ಲಿ ಪ್ರತ್ಯೇಕ ಪುಟಗಳು ಸಿಕ್ಕಿದ್ದು ಸಣ್ಣ ವಿಷಯ ಅನ್ನಿಸಬಹುದು. ಗೆಳತಿಯ ಶೋಗೆ ಬಂದವರಲ್ಲಿ ಎಷ್ಟೋ ಜನ ಆ ಪುಟಗಳನ್ನು ತಿರುವಿಯೇ ಬಂದವರು.

ಈ ಉತ್ಸವ ಹುಟ್ಟಿದ್ದೇ ಕರೆಯದೆ ಬಂದವರಿಂದ. 1947ರಲ್ಲಿ ಎಡಿನ್‌ಬರೋ ಅಂತಾರಾಷ್ಟ್ರೀಯ ಉತ್ಸವ ಶುರುವಾದಾಗ ಆಹ್ವಾನ ಇಲ್ಲದ ಎಂಟು ತಂಡಗಳು ತಾವೇ ಬಂದು ತಮ್ಮ ಪಾಡಿಗೆ ನಾಟಕ ಆಡಿದವು. 1958ರಲ್ಲಿ ಇದನ್ನು ನೋಡಿಕೊಳ್ಳಲು ಫ್ರಿಂಜ್ ಸೊಸೈಟಿ ಅನ್ನುವ ಸಂಸ್ಥೆ ಆಯಿತು. ಯಾರನ್ನೂ ಆಯ್ಕೆ ಮಾಡುವುದಿಲ್ಲ, ಯಾರನ್ನೂ ಬೇಡ ಅನ್ನುವುದಿಲ್ಲ ಅನ್ನುವುದು ಆವತ್ತಿನಿಂದಲೂ ಅದರ ನಿಯಮ. ಒಂದು ಜಾಗ ಗೊತ್ತು ಮಾಡಿಕೊಳ್ಳಿ, ಫೀಸು ಕಟ್ಟಿ, ಆಡಿ. ಅಷ್ಟೇ. ನಿಮ್ಮ ಸ್ಕ್ರಿಪ್ಟ್ ಯಾರೂ ಕೇಳುವುದಿಲ್ಲ, ನಿಮ್ಮ ಗುರು ಯಾರು ಅಂತಲೂ ಕೇಳುವುದಿಲ್ಲ. ಯಾವ ಅಕಾಡೆಮಿಯ ಬಾಗಿಲಲ್ಲೂ ಕಾಯಬೇಕಾಗಿಲ್ಲ. ಒಬ್ಬರೇ ಕೆಲಸ ಮಾಡುವವರಿಗೆ ಇದು ಎಂಥ ನೆಮ್ಮದಿ ಅನ್ನುವುದು ಆಯ್ಕೆ ಸಮಿತಿಗಳ ಮುಂದೆ ಕೂತು ಬಂದವರಿಗೆ ಗೊತ್ತು. ಈ ಒಂದು ವಿಷಯಕ್ಕೆ ನಾನು ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತೇನೆ.

ತೊಂದರೆ ಏನೆಂದರೆ ಬಾಗಿಲು ಎಲ್ಲರಿಗೂ ತೆರೆದಿದೆ. 2019ರಲ್ಲಿ ಅಲ್ಲಿ 3,841 ಶೋಗಳಿದ್ದವು, 323 ಜಾಗಗಳಲ್ಲಿ. ಮೂವತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋದವು. ಟಿಕೆಟ್ ಸಂಖ್ಯೆ ಕೇಳಿದರೆ ಖುಷಿಯಾಗುತ್ತದೆ, ಆದರೆ ದೊಡ್ಡ ಹೆಸರಿನವರ ದೊಡ್ಡ ಹಾಲ್‌ಗಳು ಅದರಲ್ಲಿ ಎಷ್ಟು ನುಂಗುತ್ತವೆ ಅಂತ ಯೋಚಿಸಿ. ಫ್ರಿಂಜ್ ಶೋಗೆ ಸರಾಸರಿ ಆರು ಜನ ಬರುತ್ತಾರೆ ಅನ್ನುವ ಮಾತು ಕಲಾವಿದರ ನಡುವೆ ಹಿಂದಿನಿಂದಲೂ ಓಡಾಡುತ್ತಿದೆ. ಅದು ಲೆಕ್ಕ ಹಾಕಿ ಹೇಳಿದ ಮಾತಲ್ಲ, ತಮಾಷೆಗೆ ಹುಟ್ಟಿದ್ದು. ಆದರೂ ಮಧ್ಯಾಹ್ನದ ಶೋ ಮಾಡಿದವರು ಯಾರೂ ಅದನ್ನು ಕೇಳಿ ನಗುವುದಿಲ್ಲ.

ಈಗ ದುಡ್ಡಿನ ವಿಷಯ. ಪೂರ್ತಿ ಮೂರು ವಾರ ಆಡುವವರು ಸೊಸೈಟಿಗೆ ಕಟ್ಟುವ ನೋಂದಣಿ ಶುಲ್ಕ ಹಲವು ವರ್ಷ 400 ಪೌಂಡ್‌ಗಿಂತ ಸ್ವಲ್ಪ ಕಡಿಮೆ ಇತ್ತು. ನಿಜವಾದ ಖರ್ಚು ಅದಲ್ಲ. ಜಾಗ ಕೊಡುವವರು ಬೇರೆ, ಸೊಸೈಟಿ ಬೇರೆ. ಜಾಗದವರು ನಿಮ್ಮ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುತ್ತಾರೆ. ಕಲೆಕ್ಷನ್‌ನಲ್ಲಿ ನಿಮಗೆ 60, ಅವರಿಗೆ 40 ಅನ್ನುವುದು ಸಾಮಾನ್ಯ. ಕೇಳಲು ಚೆನ್ನಾಗಿದೆ. ಆದರೆ ಕೆಳಗೆ ಗ್ಯಾರಂಟಿ ಅಂತ ಒಂದು ಸಾಲು ಇರುತ್ತದೆ. ಟಿಕೆಟ್ ಹೋಗಲಿ ಬಿಡಲಿ, ಅವರ ಪಾಲು ಇಷ್ಟಕ್ಕಿಂತ ಕಡಿಮೆ ಆಗಬಾರದು ಅನ್ನುವ ಷರತ್ತು ಅದು.

ಒಂದು ಉದಾಹರಣೆ ತೆಗೆದುಕೊಳ್ಳೋಣ, ಅಂಕಿ ನಾನೇ ಹಾಕಿಕೊಂಡದ್ದು. 50 ಸೀಟಿನ ಕೋಣೆ, 12 ಪೌಂಡ್ ಟಿಕೆಟ್, 24 ಶೋ. ಎಲ್ಲ ದಿನವೂ ಹೌಸ್‌ಫುಲ್ ಆದರೆ 14,400 ಪೌಂಡ್. ಬ್ರಿಟನ್ನಿನಲ್ಲಿ ವ್ಯಾಟ್ 20 ಪರ್ಸೆಂಟ್, ಅದು ಟಿಕೆಟ್ ಬೆಲೆಯ ಒಳಗೇ ಸೇರಿದ್ದರೆ ಉಳಿಯುವುದು 12,000. ಸೀಟು ನೂರಕ್ಕೆ ನಲವತ್ತು ತುಂಬಿದರೆ 4,800. ಅದರಲ್ಲಿ ನಿಮ್ಮದು 2,880, ಜಾಗದವರದು 1,920. ಆ 1,920ನ್ನೇ ಗ್ಯಾರಂಟಿ ಅಂತ ಬರೆಸಿಕೊಂಡಿದ್ದಾರೆ ಅಂದುಕೊಳ್ಳಿ. ಈಗ ಸೀಟು ನೂರಕ್ಕೆ ಇಪ್ಪತ್ತೈದು ಮಾತ್ರ ತುಂಬಿತು. ಬಂದದ್ದು 3,000. ಜಾಗದವರು ತಮ್ಮ 1,920 ಎತ್ತಿಕೊಳ್ಳುತ್ತಾರೆ. ನಿಮ್ಮ ಕೈಗೆ 1,080. ಅಂದರೆ 60-40 ಅನ್ನುವುದು ತಲೆಕೆಳಗಾಗಿ 36-64 ಆಯಿತು. ಆ 1,080ರಲ್ಲಿ ಪೋಸ್ಟರ್, ಪಾಂಪ್ಲೆಟ್, ನೋಂದಣಿ, ಪಿಯಾನೋದವರ ಸಂಬಳ, ರೈಲು ಅಥವಾ ವಿಮಾನ, ಊಟ. ಮದುವೆಗೆ ಛತ್ರ ಹಿಡಿದ ಹಾಗೆ, ನೆಂಟರು ಬರದಿದ್ದರೂ ಬಾಡಿಗೆ ಕಟ್ಟಲೇಬೇಕು.

ಇನ್ನೂ ರೂಮು ಬಾಡಿಗೆ ಸೇರಿಸಿಲ್ಲ. ಆಗಸ್ಟ್‌ನಲ್ಲಿ ಆ ಊರಲ್ಲಿ ತಲೆ ಮೇಲೊಂದು ಸೂರು ಹುಡುಕುವುದೇ ದೊಡ್ಡ ಖರ್ಚು. ಎಷ್ಟೋ ಜನಕ್ಕೆ ಉಳಿದೆಲ್ಲ ಖರ್ಚು ಸೇರಿಸಿದರೂ ಅದಕ್ಕಿಂತ ಕಡಿಮೆ. ಅಲ್ಪಾವಧಿ ಬಾಡಿಗೆ ಮನೆಗಳಿಗೆ ಸ್ಕಾಟ್ಲೆಂಡ್ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ ಸಿಗುವ ರೂಮುಗಳೂ ಕಡಿಮೆಯಾದವು ಅನ್ನುವುದು ಕಲಾವಿದರ ದೂರು. ಅಲ್ಲಿಯೇ ವಾಸಿಸುವವರಿಗೆ ಆ ಕಾನೂನಿನಿಂದ ಒಳ್ಳೆಯದೇ ಆಗಿರಬಹುದು, ಅದು ಬೇರೆ ಮಾತು. ನಾವು ಉಳಿದುಕೊಂಡಿದ್ದ ಕಡೆಯಿಂದ ಶೋ ಜಾಗಕ್ಕೆ ಬಸ್ಸು ಹಿಡಿದು, ಆಮೇಲೆ ಗುಡ್ಡ ಹತ್ತಬೇಕಿತ್ತು. ಪರಿಕರಗಳ ಸೂಟ್‌ಕೇಸ್ ಎಳೆದುಕೊಂಡು. ಅದರ ಒಂದು ಚಕ್ರ ಅಲ್ಲಿನ ಕಲ್ಲು ಹಾಸಿನ ರಸ್ತೆಗೇ ಬಲಿಯಾಯಿತು.

ಕೋಣೆಗಳ ಬಗ್ಗೆ ಹೇಳಲೇಬೇಕು. ಬಹುಪಾಲು ಅವು ಥಿಯೇಟರ್‌ಗಳಲ್ಲ. ವರ್ಷವಿಡೀ ಅವು ಕ್ಲಾಸ್‌ರೂಮು, ಚರ್ಚ್ ಹಾಲು, ಪಬ್ಬಿನ ನೆಲಮಾಳಿಗೆ. ಆಗಸ್ಟ್‌ನಲ್ಲಿ ಕರಿ ಬಟ್ಟೆ ಹೊದ್ದು, ನಾಲ್ಕು ಲೈಟು ತಗುಲಿಸಿಕೊಂಡು ರಂಗಮಂದಿರ ಆಗುತ್ತವೆ. ಒಂದೇ ಕೋಣೆಯಲ್ಲಿ ಬೆಳಿಗ್ಗೆಯಿಂದ ನಡುರಾತ್ರಿವರೆಗೆ ಒಂದರ ಹಿಂದೆ ಒಂದು ಶೋ. ಒಂದು ಶೋ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಹತ್ತು ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಏನೇನು ಆಗಬೇಕು ಕೇಳಿ. ಹಿಂದಿನ ತಂಡ ತನ್ನ ಸಾಮಾನು ಎತ್ತಬೇಕು, ಪ್ರೇಕ್ಷಕರು ಹೊರಗೆ ಹೋಗಬೇಕು, ಯಾರೋ ನೆಲಕ್ಕೆ ಬಿದ್ದ ಕಾಗದದ ಚೂರು ಗುಡಿಸಬೇಕು, ಗೆಳತಿ ತನ್ನ ಕುರ್ಚಿ, ಕೋಟು ನೇತುಹಾಕುವ ಸ್ಟ್ಯಾಂಡ್, ಕನ್ನಡಿ ಇಡಬೇಕು, ನಾನು ಮೈಕ್ ಚೆಕ್ ಮಾಡಿ, ಲ್ಯಾಪ್‌ಟಾಪ್ ಸಿಕ್ಕಿಸಿ, ಮೊದಲ ಹಾಡಿನ ಟ್ರ್ಯಾಕ್ ಒಂದು ಸಲ ಕೇಳಿಸಿ, ಶುರುವಿನ ಲೈಟು ಹೊಂದಿಸಿ ಇಡಬೇಕು. ಅಷ್ಟರಲ್ಲಿ ಬಾಗಿಲ ಆಚೆ ಸಾಲು ನಿಂತಿರುತ್ತದೆ. ಗ್ರೀನ್ ರೂಮ್? ಮೆಟ್ಟಿಲ ಕೆಳಗೆ ಒಂದು ಪರದೆ. ಅಲ್ಲಿ ಇನ್ನೊಬ್ಬ ಕಲಾವಿದ ತನ್ನ ಮೇಕಪ್ ಒರೆಸಿಕೊಳ್ಳುತ್ತಾ ಸರಿದು ಜಾಗ ಕೊಡುತ್ತಾನೆ. ನಿಮ್ಮ ಶೋ ಐದು ನಿಮಿಷ ಎಳೆದರೆ ಮುಂದಿನವರ ಹೊಟ್ಟೆ ಮೇಲೆ ಹೊಡೆದ ಹಾಗೆ. ಹಲವು ಕಡೆ ಅದಕ್ಕೆ ದಂಡವೂ ಇದೆ.

ಇದನ್ನು ಕೊರತೆ ಅಂತ ಬರೆಯಬೇಕೋ ಗುಣ ಅಂತ ಬರೆಯಬೇಕೋ ಗೊತ್ತಾಗುತ್ತಿಲ್ಲ. ಯಾಕೆಂದರೆ ಮೊದಲ ವಾರ ಗೆಳತಿಯ ಶೋ ಒಂದು ಮುದ್ದೆಯಾಗಿತ್ತು. ಎರಡನೇ ವಾರಕ್ಕೆ ಅನಗತ್ಯವಾದದ್ದೆಲ್ಲ ಉದುರಿಹೋಯಿತು. ಕನ್ನಡಿ ಬಿಟ್ಟಳು. ಒಂದು ಹಾಡಿನ ಮೊದಲು ಇದ್ದ ಉದ್ದದ ಪೀಠಿಕೆ ಎರಡು ಸಾಲಾಯಿತು, ನಗು ಎರಡರಷ್ಟಾಯಿತು. ದಿನಾ ಹೊಸ ಮುಖಗಳ ಮುಂದೆ, ಒಂದೇ ಹೊತ್ತಿಗೆ, ಅದೇ ಶೋ ಬಿಡದೆ ಆಡುವ ಅವಕಾಶ ಏಕವ್ಯಕ್ತಿ ಕಲಾವಿದರಿಗೆ ಬೇರೆ ಎಲ್ಲಿ ಸಿಗುತ್ತದೆ? ತಿಂಗಳಿಗೆ ಒಂದು ಪ್ರದರ್ಶನ ಮಾಡುತ್ತಾ ಎರಡು ವರ್ಷ ಕಲಿಯುವುದನ್ನು ಇಲ್ಲಿ ಮೂರು ವಾರದಲ್ಲಿ ಕಲಿಯಬಹುದು. ಕೈಯಿಂದ ಹೋದ ದುಡ್ಡನ್ನು ಶಾಲೆ ಫೀಸು ಅಂತ ಲೆಕ್ಕ ಹಾಕಿದರೆ ಅಷ್ಟೇನೂ ದುಬಾರಿ ಅಲ್ಲ. ವ್ಯಾಪಾರ ಅಂತ ಲೆಕ್ಕ ಹಾಕಿದರೆ ಮುಗಿಯಿತು ಕತೆ.

ಬೆಳಿಗ್ಗೆಯ ಕೆಲಸ ಹಳೆ ಊರಿನ ಮುಖ್ಯ ಬೀದಿ ರಾಯಲ್ ಮೈಲ್‌ನಲ್ಲಿ ನಿಂತು ಪಾಂಪ್ಲೆಟ್ ಹಂಚುವುದು. ತಂಡದಲ್ಲಿ ಹತ್ತು ಜನ ಇದ್ದರೆ ಹತ್ತು ಕೈ. ಒಬ್ಬರೇ ಆದರೆ ರಾತ್ರಿ ಹಾಡಬೇಕಾದ ಗಂಟಲನ್ನೇ ಬೆಳಿಗ್ಗೆ ಮಳೆಯಲ್ಲಿ ಕೂಗಿ ಸವೆಸಬೇಕು. ಪತ್ರಿಕೆಯಲ್ಲಿ ಒಂದು ಒಳ್ಳೆಯ ರಿವ್ಯೂ ಬಂತೋ, ಅವತ್ತು ರಾತ್ರಿ ಸ್ಟಾರ್‌ಗಳನ್ನು ಪುಟ್ಟ ಚೀಟಿಗಳಲ್ಲಿ ಪ್ರಿಂಟ್ ಹಾಕಿಸಿ, ಉಳಿದ ಪಾಂಪ್ಲೆಟ್‌ಗಳಿಗೆಲ್ಲ ಸ್ಟೇಪ್ಲರ್ ಹೊಡೆಯುವ ಹಬ್ಬ. ಊರೆಲ್ಲ ಈ ಕೆಲಸ ಮಾಡುತ್ತಿರುತ್ತದೆ. ನಮ್ಮ ಬೆರಳೂ ನೊಂದವು, ಮರುದಿನ ಜನವೂ ಬಂದರು. ನಾಲ್ಕು ಸ್ಟಾರ್‌ಗೂ ಮೂರು ಸ್ಟಾರ್‌ಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಿದ್ದೂ ನಾನೇ ಇಲ್ಲಿ ಮೂರು ಕೊಡುತ್ತಿದ್ದೇನೆ, ಏನು ಮಾಡೋದು.

ಹಾಗಾದರೆ ಜನ ಯಾಕೆ ಹೋಗುತ್ತಾರೆ? ಆಸೆ. ಫೀಬಿ ವಾಲರ್-ಬ್ರಿಡ್ಜ್ 2013ರಲ್ಲಿ ಅಲ್ಲಿನ ಒಂದು ಸಣ್ಣ ಜಾಗದಲ್ಲಿ ಒಬ್ಬರೇ ಕುರ್ಚಿ ಮೇಲೆ ಕೂತು ಆಡಿದ ‘ಫ್ಲೀಬ್ಯಾಗ್’ ಮೂರು ವರ್ಷದ ಮೇಲೆ ಬಿಬಿಸಿ ಸರಣಿಯಾಯಿತು. ರಿಚರ್ಡ್ ಗ್ಯಾಡ್ 2019ರಲ್ಲಿ ಅಲ್ಲಿನ ಸಮರ್‌ಹಾಲ್ ಅನ್ನುವ ಜಾಗದಲ್ಲಿ ಒಬ್ಬರೇ ಆಡಿದ ‘ಬೇಬಿ ರೇನ್‌ಡೀರ್’ 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಈ ಎರಡು ಹೆಸರು ಅಲ್ಲಿ ಪ್ರತಿ ಬಾರ್ ಟೇಬಲ್ ಮೇಲೂ ಕೇಳಿಸುತ್ತದೆ. ಅದೇ ವರ್ಷಗಳಲ್ಲಿ ಬಂದು ಸಾಲ ಹೊತ್ತು ಹೋದವರ ಹೆಸರು ಯಾರಿಗೂ ನೆನಪಿಲ್ಲ. ಇಷ್ಟಾದರೂ ಒಬ್ಬರೇ ಆಡುವ ಶೋಗೆ ಅಲ್ಲಿ ಒಂದು ನಿಜವಾದ ಅನುಕೂಲ ಇದೆ. ಬೇರೆ ಬೇರೆ ದೇಶದ ಉತ್ಸವ, ಥಿಯೇಟರ್‌ಗಳಿಗೆ ಶೋ ಆರಿಸುವವರು ಆಗಸ್ಟ್‌ನಲ್ಲಿ ಅಲ್ಲೇ ಬೀಡುಬಿಟ್ಟಿರುತ್ತಾರೆ. ಅವರಿಗೆ ಒಂದು ಟಿಕೆಟ್, ಒಂದು ರೂಮು, ಒಂದು ಸೂಟ್‌ಕೇಸಿನ ಶೋ ಕರೆಸುವುದು ಸುಲಭ. ಹದಿನಾಲ್ಕು ಜನರ ನಾಟಕ ಎಷ್ಟೇ ಚೆನ್ನಾಗಿದ್ದರೂ ಅವರ ಕೈ ನಡುಗುತ್ತದೆ. ಗೆಳತಿಗೆ ಸಿಕ್ಕ ಮುಂದಿನ ಎರಡು ಕೆಲಸ ಹೀಗೇ ಬಂದದ್ದು. ಟಿಕೆಟ್ ಕಲೆಕ್ಷನ್‌ನಿಂದ ಅಲ್ಲ, ಕೊನೆಯ ಸಾಲಲ್ಲಿ ಸುಮ್ನೆ ಕೂತು ನೋಡಿ ಹೋದ ಒಬ್ಬರಿಂದ.

ಸೊಸೈಟಿಯ ಸೇವೆ ಒಟ್ಟಾರೆ ಒಳ್ಳೆಯದು. ಕಲಾವಿದರಿಗೆ ಅಂತಲೇ ಒಂದು ಕೇಂದ್ರ ಇದೆ, ಅಲ್ಲಿ ಕೂತು ಪ್ರಿಂಟ್ ತೆಗೆಯಬಹುದು, ಕೇಳಿದ್ದಕ್ಕೆ ತಾಳ್ಮೆಯಿಂದ ಉತ್ತರ ಹೇಳುತ್ತಾರೆ, ಯಾವ ಪತ್ರಿಕೆಯವರಿಗೆ ಹೇಗೆ ಬರೆಯಬೇಕು ಅಂತಲೂ ಹೇಳಿಕೊಡುತ್ತಾರೆ. ಹೊರದೇಶದಿಂದ ಬರುವವರಿಗೆ ಇನ್ನೊಂದು ಉಪಕಾರ ಬ್ರಿಟಿಷ್ ವೀಸಾ ನಿಯಮದಲ್ಲಿದೆ. ವರ್ಕ್ ಪರ್ಮಿಟ್ ಇಲ್ಲದೆ ವಿಸಿಟರ್ ಆಗಿಯೇ ಬಂದು ಆಡಬಹುದಾದ ಉತ್ಸವಗಳ ಒಂದು ಪಟ್ಟಿ ಇದೆ, ಅದರಲ್ಲಿ ಫ್ರಿಂಜ್ ಹೆಸರಿದೆ. ಎಡವಿದ್ದೂ ಉಂಟು. 2022ರಲ್ಲಿ ಮೊಬೈಲ್ ಆ್ಯಪ್ ಇಲ್ಲದೆ ಉತ್ಸವ ನಡೆಸಿದರು. ಹತ್ತಿರದಲ್ಲಿ ಈಗ ಯಾವ ಶೋ ಇದೆ ಅಂತ ಫೋನಲ್ಲಿ ನೋಡಿ ನುಗ್ಗುವ ಗಿರಾಕಿಯನ್ನೇ ಸಣ್ಣ ಶೋಗಳು ನೆಚ್ಚಿಕೊಂಡಿರುತ್ತವೆ. ಗಲಾಟೆ ಆಗದೆ ಇರುತ್ತದೆಯೇ? ಆಮೇಲೆ ಕೀಪ್ ಇಟ್ ಫ್ರಿಂಜ್ ಅಂತ ಒಂದು ನಿಧಿ ಬಂತು. 2023ರಲ್ಲಿ 50 ಕಲಾವಿದರಿಗೆ ತಲಾ 2,000 ಪೌಂಡ್, 2024ರಲ್ಲಿ 180 ಜನರಿಗೆ ತಲಾ 2,500 ಪೌಂಡ್ ಕೊಟ್ಟರು. ಒಳ್ಳೆಯ ಕೆಲಸ. ಮೂರು ಸಾವಿರಕ್ಕೂ ಮೀರಿದ ಶೋಗಳ ನಡುವೆ ಅದು ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ನೀವೇ ನೋಡಿ.

ಗ್ಯಾರಂಟಿ ಕಟ್ಟಲು ಧೈರ್ಯ ಇಲ್ಲದವರಿಗೆ ಅಲ್ಲೇ ಇನ್ನೊಂದು ದಾರಿ ಇದೆ. 1996ರಲ್ಲಿ ಪೀಟರ್ ಬಕ್ಲಿ ಹಿಲ್ ಶುರು ಮಾಡಿದ ಫ್ರೀ ಫ್ರಿಂಜ್. ಜಾಗಕ್ಕೆ ಬಾಡಿಗೆ ಇಲ್ಲ, ಪ್ರವೇಶಕ್ಕೆ ಟಿಕೆಟ್ ಇಲ್ಲ, ಶೋ ಮುಗಿದ ಮೇಲೆ ಬಾಗಿಲಲ್ಲಿ ಕಲಾವಿದರೇ ಬಕೆಟ್ ಹಿಡಿದು ನಿಲ್ಲುತ್ತಾರೆ. ಕ್ಯಾಬರೆಗೆ ಇದು ಚೆನ್ನಾಗಿ ಹೊಂದುತ್ತದೆ, ದುಡ್ಡು ಕೇಳುವುದೂ ಒಂದು ಐಟಂ ಆಗಿಬಿಡುತ್ತದೆ. ಗಂಭೀರ ಏಕವ್ಯಕ್ತಿ ನಾಟಕಕ್ಕೆ ಕಷ್ಟ. ಅಮ್ಮನ ಸಾವಿನ ಕತೆ ಹೇಳಿ ಮುಗಿಸಿ, ಮರುಕ್ಷಣ ಬಕೆಟ್ ಎತ್ತುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. ಪಕ್ಕದ ಬಾರ್‌ನಿಂದ ಫುಟ್‌ಬಾಲ್ ಕೂಗು ಬೇರೆ.

ಬೇರೆ ಅಂಗಡಿಗಳ ಜೊತೆ ಹೋಲಿಸದೆ ರಿವ್ಯೂ ಮುಗಿಸಬಾರದು. ಕೆನಡಾದ ಫ್ರಿಂಜ್‌ಗಳು ನನ್ನ ಮಟ್ಟಿಗೆ ಕಲಾವಿದರ ಪರ. 1982ರಲ್ಲಿ ಎಡ್ಮಂಟನ್‌ನಲ್ಲಿ ಶುರುವಾದದ್ದು, ಈಗ ಊರೂರಿಗೆ ಹಬ್ಬಿದೆ. ಸ್ಥಳ, ಟೆಕ್ನಿಷಿಯನ್ ಎಲ್ಲ ಉತ್ಸವದವರೇ ಕೊಡುತ್ತಾರೆ, ಒಂದು ಫೀಸು ಕಟ್ಟಿದರೆ ಸಾಕು, ಟಿಕೆಟ್‌ನ ಮೂಲ ಬೆಲೆ ಪೂರ್ತಿ ಕಲಾವಿದರಿಗೆ. ಎಲ್ಲರಿಗೂ ಜಾಗ ಇಲ್ಲ, ಅದಕ್ಕೆ ಲಾಟರಿ ಎತ್ತುತ್ತಾರೆ. ಅಲ್ಲೂ ಯಾರೂ ಪ್ರತಿಭೆ ಅಳೆಯುವುದಿಲ್ಲ. ಊರಿನವರು ಕಲಾವಿದರನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವ ರೂಢಿ ಬೇರೆ ಇದೆ. ಜೂನ್‌ನಲ್ಲಿ ಮಾಂಟ್ರಿಯಲ್ ಕಡೆ ಶುರು ಮಾಡಿ, ಟೊರಾಂಟೊ, ವಿನಿಪೆಗ್, ಎಡ್ಮಂಟನ್ ದಾಟಿ ಸೆಪ್ಟೆಂಬರ್‌ಗೆ ವ್ಯಾಂಕೂವರ್ ಮುಟ್ಟುವವರಿದ್ದಾರೆ. ಇದನ್ನೇ ವರ್ಷದ ಸಂಪಾದನೆ ಮಾಡಿಕೊಂಡು ಏಕವ್ಯಕ್ತಿ ಪ್ರದರ್ಶನದಲ್ಲಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ನೆಟ್‌ಫ್ಲಿಕ್ಸ್‌ನವರು ಕೊನೆಯ ಸಾಲಲ್ಲಿ ಕೂತಿರುವ ಸಾಧ್ಯತೆ ಕಡಿಮೆ, ಅಷ್ಟೇ ವ್ಯತ್ಯಾಸ.

ಆಸ್ಟ್ರೇಲಿಯಾದ ಅಡಿಲೇಡ್ ಫ್ರಿಂಜ್ 1960ರದ್ದು, ಎಡಿನ್‌ಬರೋದ ಹಾಗೇ ಯಾರು ಬೇಕಾದರೂ ಬರಬಹುದು. ಅದೇ ಊರಿನ ಕ್ಯಾಬರೆ ಉತ್ಸವ, 2001ರಲ್ಲಿ ಶುರುವಾದದ್ದು, ಬೇರೆ ಜಾತಿ. ಅಲ್ಲಿ ಆರಿಸಿ ಕರೆಸುತ್ತಾರೆ. ಕ್ಯಾಬರೆಯನ್ನೇ ಕಸುಬು ಮಾಡಿಕೊಂಡವರು ಅಲ್ಲಿಂದ ಕರೆ ಬರಲಿ ಅಂತ ಕಾಯುತ್ತಾರೆ.

ನ್ಯೂಯಾರ್ಕ್‌ನ ಕ್ಯಾಬರೆ ರೂಮುಗಳ ಲೆಕ್ಕ ಇನ್ನೊಂದು. ಬಾಗಿಲ ದುಡ್ಡು ಬಹುಪಾಲು ಹಾಡುವವರದು, ಟೇಬಲ್‌ನಲ್ಲಿ ಕೂತವರು ಕಡ್ಡಾಯವಾಗಿ ಎರಡು ಡ್ರಿಂಕ್ಸ್ ತೆಗೆದುಕೊಳ್ಳಬೇಕು, ಅದು ಮಾಲೀಕರದು. ಪಿಯಾನೋದವರಿಗೆ, ಸೌಂಡಿನವರಿಗೆ ಹಾಡುವವರೇ ಕೊಡಬೇಕು. ನೆಂಟರು, ಸ್ನೇಹಿತರು ತುಂಬಿದರೆ ಒಂದು ರಾತ್ರಿ ಕಳೆಯುತ್ತದೆ. ಎರಡನೇ ರಾತ್ರಿಗೆ ಅವರನ್ನೇ ಹೇಗೆ ಕರೆಯುವುದು? ಆ ಊರಲ್ಲಿ 1940ರಿಂದ 1967ರವರೆಗೆ ಇಂಥ ಜಾಗಗಳಲ್ಲಿ ಕೆಲಸ ಮಾಡಲು ಪೊಲೀಸರಿಂದ ಕ್ಯಾಬರೆ ಕಾರ್ಡ್ ಪಡೆಯಬೇಕಿತ್ತು ಅನ್ನುವುದು ಗೊತ್ತೇ? ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅಂಥವರ ಕಾರ್ಡನ್ನೇ ಕಿತ್ತುಕೊಂಡು ಕ್ಲಬ್‌ಗಳಲ್ಲಿ ಹಾಡದಂತೆ ಮಾಡಿದರು.

ಹೋಗಲೇಬೇಕು ಅನ್ನುವವರಿಗೆ ನನಗೆ ತಿಳಿದದ್ದು ಇಷ್ಟು. ಶೋ ಹಳೆಯದಾಗಿರಲಿ, ಕಡೇಪಕ್ಷ ಹತ್ತಾರು ಸಲ ಜನರ ಮುಂದೆ ಬಿದ್ದು ಎದ್ದಿರಲಿ. ದೊಡ್ಡ ಕೋಣೆಯ ಆಸೆ ಬೇಡ, ಮೂವತ್ತು ಜನ ಕೂರುವ ಕಡೆ ಇಪ್ಪತ್ತೈದು ಜನ ಇದ್ದರೆ ಕ್ಯಾಬರೆ ಹೊತ್ತಿಕೊಳ್ಳುತ್ತದೆ, ನೂರರ ಹಾಲ್‌ನಲ್ಲಿ ಅದೇ ಇಪ್ಪತ್ತೈದು ಜನ ಸೂತಕದ ಮನೆ ಮಾಡಿಬಿಡುತ್ತಾರೆ. ಮೂರು ವಾರ ಬೇಡ, ಒಂದು ವಾರಕ್ಕೂ ನೋಂದಣಿ ಸಿಗುತ್ತದೆ, ಆದರೆ ರಿವ್ಯೂ ಬರುವಷ್ಟರಲ್ಲಿ ನೀವು ಊರಿಗೆ ಹೊರಟಿರುತ್ತೀರಿ ಅನ್ನುವುದು ನೆನಪಿರಲಿ. ಒಪ್ಪಂದದಲ್ಲಿ ಗ್ಯಾರಂಟಿಯ ಸಾಲನ್ನು ಎರಡು ಸಲ ಓದಿ, ಪಾಸ್ ಕೊಟ್ಟ ಸೀಟುಗಳನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾರೆ ಅಂತಲೂ ಕೇಳಿ. ಬೇರೆಯವರ ಹಾಡು ಹಾಡುವುದಾದರೆ ಹಕ್ಕಿನ ವಿಷಯ ಮೊದಲೇ ಬಗೆಹರಿಸಿಕೊಳ್ಳಿ. ಕಛೇರಿ ಥರ ಸುಮ್ನೆ ಹಾಡುವುದು ಒಂದು ಲೆಕ್ಕ, ಅದೇ ಹಾಡನ್ನು ಕತೆಯೊಳಗೆ ಪಾತ್ರವಾಗಿ ಹಾಡಿದರೆ ಇನ್ನೊಂದು ಲೆಕ್ಕ, ಅದಕ್ಕೆ ಹಕ್ಕುದಾರರ ಅನುಮತಿಯೇ ಬೇಕಾಗಬಹುದು.

ಗೆಳತಿ ಮುಂದಿನ ಬೇಸಿಗೆಗೆ ಕೆನಡಾ ನೋಡುತ್ತಿದ್ದಾಳೆ. ನಿಮಗೂ ಆ ಆಸೆ ಇದ್ದರೆ ಈಗಲೇ ಎದ್ದೇಳಿ, ಅಲ್ಲಿನ ಲಾಟರಿ ಅರ್ಜಿಗಳು ಹಿಂದಿನ ವರ್ಷ ಮುಗಿಯುವ ಮೊದಲೇ ಮುಚ್ಚಿಹೋಗುವುದೇ ಜಾಸ್ತಿ.